ಮುಟ್ಟಲೆಂದೇ ಮಾಡಿದ ಗಾಜು

ಕೇಳುಗರೆಲ್ಲರಿಗೂ ನಮಸ್ಕಾರ.

ಮನೆಯಲ್ಲಿ ಗಾಜಿನ ಸಾಮಾನಿದ್ದರೆ ಮಕ್ಕಳಿಗೆ ನಾವು ಮೊದಲು ಹೇಳುವುದೇ "ಮುಟ್ಟಬೇಡ" ಅಂತ, ಅಲ್ವಾ? ಇವತ್ತು ನಾನು ಹೇಳಹೊರಟಿರುವುದು ಮುಟ್ಟಲೆಂದೇ ಮಾಡುವ ಗಾಜಿನ ಬಗ್ಗೆ. ಕಣ್ಣು ಮುಚ್ಚಿ ಬೆರಳಿನಿಂದ ಸವರಿದರೂ ಅದರ ಚಿತ್ತಾರ ತಿಳಿಯಬೇಕು. ಕಣ್ಣು ಕಾಣದವರ ಕೈಗೂ ಅದು ಪೂರ್ತಿಯಾಗಿ ಸಿಗಬೇಕು.

ಇದಕ್ಕೆ ಊದುವ ಕೊಳವೆ ಬೇಡ. ಗಾಜನ್ನು ಕತ್ತರಿಸಿ, ಜೋಡಿಸಿ, ವಿದ್ಯುತ್ ಕುಲುಮೆ, ಅಂದರೆ ಕಿಲ್ನ್‌ನಲ್ಲಿಟ್ಟು ನಿಧಾನವಾಗಿ ಕಾಯಿಸುತ್ತಾರೆ. ಬಣ್ಣದ ತುಂಡುಗಳನ್ನು ಬೆಸೆದು ಬಟ್ಟಲು ಮಾಡುವುದು ರೋಮನ್ನರ ಕಾಲದಲ್ಲೇ ಇತ್ತು. ಊದುವ ಕಲೆ ಬೆಳೆದ ಮೇಲೆ ಇದು ಹಿಂದೆ ಸರಿಯಿತು. 20ನೇ ಶತಮಾನದ ನಡುವಿನಲ್ಲಿ ಅಮೆರಿಕದ ಶಿಕಾಗೋದಲ್ಲಿ ಫ್ರಾನ್ಸಿಸ್ ಮತ್ತು ಮೈಕೆಲ್ ಹಿಗ್ಗಿನ್ಸ್ ದಂಪತಿ ಇಂಥ ತಟ್ಟೆ, ಬಟ್ಟಲುಗಳನ್ನು ಮತ್ತೆ ಮನೆಗಳಿಗೆ ತಂದರು. 1974ರಲ್ಲಿ ಅದೇ ದೇಶದ ಪೋರ್ಟ್‌ಲೆಂಡ್‌ನಲ್ಲಿ ಬುಲ್ಸ್‌ಐ ಕಂಪನಿ ಶುರುವಾಯಿತು. ಒಟ್ಟಿಗೆ ಬೆಸೆಯಬಲ್ಲ ಬಣ್ಣದ ಗಾಜುಗಳನ್ನು ಅದು ತಯಾರಿಸಿದ ಮೇಲೆ ಈ ಕೆಲಸ ಎಷ್ಟೋ ಸುಲಭವಾಯಿತು.

ಎಲ್ಲ ಗಾಜೂ ಒಂದಕ್ಕೊಂದು ಬೆಸೆಯುವುದಿಲ್ಲ. ಕಾದಾಗ ಹಿಗ್ಗುವ, ತಣಿದಾಗ ಕುಗ್ಗುವ ಅಳತೆ ಬೇರೆ ಬೇರೆ. ಚಂದ ಕಂಡಿತೆಂದು ಒಡೆದ ಬಳೆ ಚೂರನ್ನು ಕಿಟಕಿ ಗಾಜಿನ ಮೇಲಿಟ್ಟು ಕಾಯಿಸಿದರೆ, ತಣಿಯುವಾಗ ಬಿರುಕು ಬಿಡುವ ಸಂಭವವೇ ಜಾಸ್ತಿ. ಕಿಟಕಿ ಗಾಜನ್ನೇ ಬಳಸುವುದಾದರೆ ಒಂದೇ ಹಾಳೆಯಿಂದ ಎಲ್ಲ ತುಂಡುಗಳನ್ನೂ ಕತ್ತರಿಸಿಕೊಳ್ಳಿ. ಬಣ್ಣಕ್ಕೆ ತೆಳು ತಾಮ್ರದ ಹಾಳೆಯನ್ನು ನಡುವೆ ಇಡಬಹುದು. ಅದು ಕೆಂಪಿಗೂ ತಿರುಗುತ್ತದೆ, ನೀಲಿ ಹಸಿರಿಗೂ ತಿರುಗುತ್ತದೆ.

ಬೆರಳಿಗೆ ಸಿಗುವ ಚಿತ್ತಾರ ಹುಟ್ಟುವುದು ಶಾಖದಲ್ಲಿ. ಬಣ್ಣದ ಕಲಾ ಗಾಜನ್ನು ಸುಮಾರು 800 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಮೇಲಿಟ್ಟ ತುಂಡುಗಳೆಲ್ಲ ಗಟ್ಟಿ ಜೇನುತುಪ್ಪದ ಹಾಗೆ ಕರಗಿ ಸಮವಾಗುತ್ತವೆ. ನೋಡಲು ಚೆಂದ, ಆದರೆ ಕೈಗೆ ಏನೂ ಸಿಗದು. 730–750ರ ಸುಮಾರಿಗೆ ನಿಲ್ಲಿಸಿದರೆ ತುಂಡುಗಳು ಅಂಟಿಕೊಳ್ಳುತ್ತವೆ, ಚೂಪು ಅಂಚು ದುಂಡಗಾಗುತ್ತದೆ, ಉಬ್ಬು ಹಾಗೇ ಉಳಿಯುತ್ತದೆ. ಕಿಟಕಿ ಗಾಜಿಗೆ ಇನ್ನೊಂದಿಷ್ಟು ಹೆಚ್ಚು ಶಾಖ ಬೇಕು. ಪೂರ್ತಿ ಕರಗಿಸುವ ಆಸೆಯನ್ನು ತಡೆದುಕೊಳ್ಳುವುದೇ ಈ ಕೆಲಸದ ಜೀವಾಳ ಅನ್ನುವುದು ನನ್ನ ನಂಬಿಕೆ.

ನನಗೆ ಹೆಚ್ಚು ಇಷ್ಟವಾಗುವುದು ಮಣಿಗಳ ಕೆಲಸ. ಸಣ್ಣ ಗಾಜಿನ ಚೂರುಗಳನ್ನು ದೂರ ದೂರ ಇಟ್ಟು ಪೂರ್ತಿ ಕಾಯಿಸಿದರೆ ಅವು ತಾವಾಗಿಯೇ ಮಣಿಗಳಾಗುತ್ತವೆ. ಆ ಮಣಿಗಳನ್ನು ಹಾಳೆಯ ಮೇಲೆ ಸಾಲಾಗಿ ಜೋಡಿಸಿ, ಕಡಿಮೆ ಶಾಖದಲ್ಲಿ ಮತ್ತೊಮ್ಮೆ ಕಾಯಿಸಿ. ಬೆರಳು ಆ ಸಾಲನ್ನೇ ಹಿಡಿದು ಹೋಗುತ್ತದೆ. ಇನ್ನೊಂದು ದಾರಿಯೂ ಇದೆ. ಶಾಖ ತಡೆಯುವ ಸೆರಾಮಿಕ್ ಫೈಬರ್ ಪೇಪರನ್ನು ಎಲೆಯ ಆಕಾರಕ್ಕೆ ಕತ್ತರಿಸಿ ಗಾಜಿನ ಅಡಿಗಿಡಿ. ಮೆತ್ತಗಾದ ಗಾಜು ಅದರ ಸುತ್ತ ಇಳಿದು, ಎಲೆಯ ಅಚ್ಚು ಮೂಡುತ್ತದೆ. ಆ ಪೇಪರಿನ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಒಳ್ಳೆಯ ಮಾಸ್ಕ್ ಹಾಕಿಕೊಂಡು, ನೀರಿನಲ್ಲಿ ನೆನೆಸಿಯೇ ಅದನ್ನು ತೆಗೆಯಬೇಕು.

ಇನ್ನು ತಣಿಸುವುದು. ಅವಸರ ಮಾಡಿದರೆ ಹೊರಗಿನ ಗಾಜು ಮೊದಲು ಗಟ್ಟಿಯಾಗಿ ಒಳಗೆ ಬಿಗಿತ ಉಳಿಯುತ್ತದೆ. ಚೆನ್ನಾಗಿಯೇ ಕಂಡ ತುಂಡು ಎಷ್ಟೋ ದಿನದ ಮೇಲೂ ಸೀಳಬಹುದು. ಅದಕ್ಕೇ ಬುಲ್ಸ್‌ಐ ಗಾಜನ್ನು 482 ಡಿಗ್ರಿಯಲ್ಲಿ ಹಿಡಿದು ನಿಲ್ಲಿಸಿ, ಆಮೇಲೆ ಮೆಲ್ಲಗೆ ಇಳಿಸುತ್ತಾರೆ. ಗಾಜು ದಪ್ಪಗಾದಷ್ಟೂ ಕಾಯುವ ಹೊತ್ತೂ ಜಾಸ್ತಿ. ಕುತೂಹಲಕ್ಕೆ ಸುಮ್ನೆ ಕಿಲ್ನ್ ಬಾಗಿಲು ತೆರೆಯಬೇಡಿ. ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಎರಡು ಪೋಲರೈಸಿಂಗ್ ಹಾಳೆಗಳನ್ನು ಬೆಳಕು ಮರೆಯಾಗುವಂತೆ ಅಡ್ಡಡ್ಡ ಹಿಡಿದು ನಡುವೆ ಗಾಜನ್ನಿಟ್ಟು ನೋಡಿದರೆ, ಬಿಗಿತ ಇರುವ ಕಡೆ ಬೆಳಕು ಕಾಣುತ್ತದೆ.

ಕೊನೆಗೆ ಹೊರ ಅಂಚನ್ನೆಲ್ಲ ವಜ್ರದ ಪುಡಿ ಮೆತ್ತಿದ ಡೈಮಂಡ್ ಪ್ಯಾಡಿನಿಂದ, ನೀರು ಹಾಕುತ್ತಾ ಉಜ್ಜಿ. ಕಣ್ಣಿಗೆ ಕಾಣದ ಮೊನೆಯೂ ಉಳಿಯಬಾರದು. ಇಂಥ ಗಾಜನ್ನು ಷೋಕೇಸಿನಲ್ಲಿ ಬೀಗ ಹಾಕಿ ಇಡಬೇಡಿ. ಬಾಗಿಲ ಪಕ್ಕ ಕೈಗೆಟಕುವ ಎತ್ತರದಲ್ಲಿ ಗಟ್ಟಿಯಾಗಿ ಕೂರಿಸಿ. ಮಕ್ಕಳಿರುವ ಮನೆಯಾದರೆ ಇನ್ನೂ ಸ್ವಲ್ಪ ಕೆಳಗೆ. ಬೆರಳಚ್ಚು ಕಂಡಾಗ ಮೆತ್ತನೆಯ ಬ್ರಷ್ಷು, ಸೋಪು ನೀರು ಸಾಕು.

ನಮಸ್ಕಾರ.