ಹಾಡುಗಾರ ಸುಮ್ಮನಾದಾಗ

ಕೇಳುಗರಿಗೆ ನಮಸ್ಕಾರ.

ಗಣಪತಿ ಪೆಂಡಾಲಿನ ಮುಂದೆ ಚಾಪೆ ಹಾಸಿಕೊಂಡು, ಮಡಿಲಲ್ಲಿ ಮಗುವನ್ನು ಮಲಗಿಸಿಕೊಂಡು ರಸಮಂಜರಿ ಕೇಳಿದವರು ನಿಮ್ಮಲ್ಲಿ ಬಹಳ ಮಂದಿ ಇದ್ದೀರಿ. ಆ ವೇದಿಕೆಯ ಎಡಗಡೆ, ಕೀಬೋರ್ಡಿನ ಹಿಂದೆ ನಿಂತಿರುತ್ತಿದ್ದವರಲ್ಲಿ ನಾನೂ ಒಬ್ಬ. ಚಿತ್ರಗೀತೆಗಳನ್ನು ಮೂಲದಲ್ಲಿ ಇರುವ ಹಾಗೆಯೇ ನುಡಿಸುವುದು ನಮ್ಮ ಆರ್ಕೆಸ್ಟ್ರಾದ ಕೆಲಸ. ಸ್ವಂತದ್ದೊಂದು ಹಾಡನ್ನೂ ನಾವು ಕಟ್ಟಲಿಲ್ಲ, ಕಟ್ಟಬೇಕೆಂದು ಅನ್ನಿಸಲೂ ಇಲ್ಲ. ಇನ್ನೊಬ್ಬರು ಕಟ್ಟಿದ ಹಾಡನ್ನು ತಪ್ಪಿಲ್ಲದೆ ಜನರ ಮುಂದೆ ಇಡುವುದಕ್ಕೇ ಒಂದು ಆಯುಷ್ಯ ಬೇಕು.

ಇವತ್ತು ನಿಮಗೆ ನಾನು ಹೇಳುವುದು ಒಂದೇ ಮಾತು. ಹಾಡಿನಲ್ಲಿ ಹಾಡುಗಾರ ಸುಮ್ಮನಾಗುತ್ತಾನಲ್ಲ, ಆ ಜಾಗವನ್ನು ಕೇಳಿ.

ಪಲ್ಲವಿ ಮುಗಿಯುತ್ತದೆ, ಚರಣ ಇನ್ನೂ ಶುರುವಾಗಿಲ್ಲ. ನಡುವೆ ಪಿಟೀಲುಗಳು ಬರುತ್ತವೆ, ಕೊಳಲು ಬರುತ್ತದೆ, ಒಂದು ಕಡೆ ಸಿತಾರ್ ನಾಲ್ಕು ಸ್ವರ ಮೀಟಿ ಹೋಗುತ್ತದೆ. ಆರ್ಕೆಸ್ಟ್ರಾದವರು ಅದನ್ನು ಬಿಟ್ ಎನ್ನುತ್ತೇವೆ. ಮನೆಯಲ್ಲಿ ರೇಡಿಯೋ ಹಾಕಿದವರು ಬಿಟ್ ಬಂದ ಕೂಡಲೇ ಮಾತಿಗೆ ಶುರು ಮಾಡುತ್ತಾರೆ, ಸಾಹಿತ್ಯ ಬಂದಾಗ ಮತ್ತೆ ಕಿವಿ ಕೊಡುತ್ತಾರೆ. ಅಲ್ಲಿಯೇ ನಾವು ದೊಡ್ಡ ಪಾಲನ್ನು ಕಳೆದುಕೊಳ್ಳುತ್ತೇವೆ. ಸಂಗೀತ ನಿರ್ದೇಶಕರಾದ ಮೈಸೂರಿನ ಅಣ್ಣತಮ್ಮಂದಿರು ರಾಜನ್–ನಾಗೇಂದ್ರ ವಾದ್ಯ ನುಡಿಸುತ್ತಲೇ ಬೆಳೆದವರು, ಒಬ್ಬರದು ಪಿಟೀಲು, ಇನ್ನೊಬ್ಬರದು ಜಲತರಂಗ. ಇನ್ನೊಬ್ಬ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿ ದುಡಿದವರಲ್ಲಿ ಇಳಯರಾಜ ಒಬ್ಬರು. ಇಂಥವರು ಬಿಟ್ಟನ್ನು ಖಾಲಿ ಜಾಗ ತುಂಬಿಸಲು ಹಾಕುತ್ತಿರಲಿಲ್ಲ. ಮಾತು ಹೇಳಲಾರದ್ದನ್ನು ಅಲ್ಲಿ ಹೇಳುತ್ತಿದ್ದರು.

ಇದು ನನಗೆ ಹೇಗೆ ಗೊತ್ತಾಯಿತು ಎಂಬುದನ್ನು ಹೇಳುತ್ತೇನೆ.

ನಮ್ಮದು ಭದ್ರಾವತಿ. ಆಗ ಒಂದು ಕಡೆ ಕಬ್ಬಿಣದ ಕಾರ್ಖಾನೆ, ಇನ್ನೊಂದು ಕಡೆ ಕಾಗದದ ಕಾರ್ಖಾನೆ ನಡೆಯುತ್ತಿದ್ದವು. ತಂಡದಲ್ಲಿದ್ದ ನಾವು ಒಂಬತ್ತು ಜನರೂ ಪಾಳಿಯ ಮೇಲೆ ದುಡಿಯುವವರು. ಮನೆಮಾತು ಕನ್ನಡ, ತಮಿಳು, ತೆಲುಗು, ಉರ್ದು ಎಲ್ಲವೂ ಇದ್ದವು. ಒಂಬತ್ತು ಜನ ಒಟ್ಟಿಗೆ ಸೇರುವುದು ತಿಂಗಳಿಗೆ ಒಂದೆರಡು ಸಲವಾದರೆ ಹೆಚ್ಚು. 1987ರಲ್ಲಿ ಹಂಸಲೇಖ ಅವರ ‘ಪ್ರೇಮಲೋಕ’ದ ಹಾಡುಗಳು ಬಂದ ಮೇಲೆ ಊರಿನ ಪ್ರತಿಯೊಂದು ಗಣಪತಿ ಸಮಿತಿಯೂ ಹೊಸ ಹಾಡು ಬೇಕು, ಹೊಸ ಹಾಡು ಬೇಕು ಎಂದು ಹಠ ಹಿಡಿಯಿತು. ಮರುವರ್ಷ ನಾವು ಒಂದು ಹೊಸ ಯುಗಳ ಗೀತೆಯನ್ನು ಆರಿಸಿಕೊಂಡೆವು. ಕ್ಯಾಸೆಟ್ ತಂದು, ಗೆಳೆಯನ ಮನೆಯಲ್ಲಿ ಎರಡು ವಾರ ಕೂತು ಕಲಿತೆವು. ಆ ದಿನಗಳಲ್ಲಿ ಸಂಜೆಯಾದರೆ ಕರೆಂಟು ಹೋಗುತ್ತಿತ್ತು, ಟೇಪ್ ರೆಕಾರ್ಡರನ್ನು ಸೆಲ್ಲಿನ ಮೇಲೆ ಓಡಿಸುತ್ತಿದ್ದೆವು.

ಇಲ್ಲಿ ಒಂದು ಲೆಕ್ಕ ಹೇಳಬೇಕು, ಸುಲಭವಾಗಿದೆ. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಸೆಲ್ಲು ಬಳಲಿ ಅದು 4.5ಕ್ಕೆ ಇಳಿದರೆ ನೂರಕ್ಕೆ ಸುಮಾರು ಐದೂವರೆಯಷ್ಟು ನಿಧಾನವಾಯಿತು, ಶ್ರುತಿಯೂ ಅಷ್ಟೇ ಕೆಳಗಿಳಿಯಿತು. ಕೀಬೋರ್ಡಿನ ಒಂದು ಬಿಳಿ ಮನೆಗೂ, ಅಂದರೆ ಕೀಲಿಗೂ, ಅದರ ಪಕ್ಕದ ಕಪ್ಪು ಮನೆಗೂ ಕಂಪನದಲ್ಲಿ ಇರುವ ಅಂತರವೂ ಹೆಚ್ಚುಕಡಿಮೆ ಅಷ್ಟೇ. ಬಿಳಿ ಮನೆಗಳನ್ನು ಒಂದು, ಎರಡು ಎಂದು ಎಣಿಸಿ, ಆ ಎರಡರ ನಡುವಿನ ಕಪ್ಪನ್ನು ಒಂದೂವರೆ ಎನ್ನುತ್ತೇವೆ. ಅಂದರೆ ಎರಡು ಮನೆ ಶ್ರುತಿಯ ಹಾಡು ನಮ್ಮ ಕಿವಿಗೆ ಒಂದೂವರೆ ಮನೆಯಲ್ಲಿ ಕೇಳಿಸಿತು. ನಾವು ಅದನ್ನೇ ನಂಬಿದೆವು. ನನ್ನ ಬೆರಳು, ತಬಲಾ, ಬಾಸ್ ಗಿಟಾರ್, ಹಾಡುವವರ ಗಂಟಲು, ಎಲ್ಲವೂ ಒಂದೂವರೆ ಮನೆಗೆ ಪಳಗಿದವು.

ಕೊಳಲಿನವನು ಅಭ್ಯಾಸಕ್ಕೆ ಬರಲೇ ಇಲ್ಲ. ಆ ಹದಿನೈದು ದಿನ ಅವನಿಗೆ ಎರಡನೆಯ ಪಾಳಿ. “ಹಾಡು ನನಗೆ ಗೊತ್ತು, ಚಿಂತೆ ಮಾಡಬೇಡಿ” ಎಂದು ಹೇಳಿ ಕಳುಹಿಸಿದ್ದ. ಕಾರ್ಯಕ್ರಮದ ರಾತ್ರಿ ಡ್ಯೂಟಿಯಿಂದ ನೇರವಾಗಿ ಸೈಕಲ್ಲಿನಲ್ಲಿ ಬಂದು, ಬೆವರು ಒರೆಸಿಕೊಂಡು ವೇದಿಕೆ ಹತ್ತಿದ. ಆ ಹಾಡು ಶುರುವಾಗುವುದೇ ಕೊಳಲಿನಿಂದ. ಬಿದಿರಿನ ಕೊಳಲಿಗೆ ಒಂದು ಕೊಳಲು ಒಂದೇ ಶ್ರುತಿ. ಚೀಲದಿಂದ ಎರಡು ಮನೆಯದನ್ನು ತೆಗೆದು ಎಷ್ಟು ಚೆನ್ನಾಗಿ ಊದಿದನೆಂದರೆ ಪೆಂಡಾಲು ಗಪ್ಪಾಯಿತು. ಹಾಡುಗಾರ್ತಿ ಅದೇ ಶ್ರುತಿ ಹಿಡಿದು ಪಲ್ಲವಿ ಎತ್ತಿದರು. ನಾನು ಒಂದೂವರೆಯಲ್ಲಿ ಎರಡೂ ಕೈ ಒತ್ತಿದೆ.

ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಮುಂದೆ ಕುಳಿತಿದ್ದ ಅಜ್ಜಿಯೊಬ್ಬರು ಸೆರಗನ್ನು ಕಿವಿಗೆ ಒತ್ತಿಕೊಂಡರು. ಬಾಸ್ ಗಿಟಾರಿನವನು ಕೂಡಲೇ ಬೆರಳನ್ನು ಒಂದು ಪಟ್ಟಿ ಮೇಲಕ್ಕೆ ಜಾರಿಸಿಕೊಂಡ. ತಬಲಾದವನು ತಬಲಾ ಬಿಟ್ಟು ಢೋಲಕ್ ಎಳೆದುಕೊಂಡ. ನನಗೆ ಮಾತ್ರ ದಾರಿ ಇರಲಿಲ್ಲ. ಈಗಿನ ಕೀಬೋರ್ಡಿನಲ್ಲಿ ಗುಂಡಿ ಒತ್ತಿದರೆ ಶ್ರುತಿ ಬದಲಾಗುತ್ತದೆ, ನಮ್ಮ ಹಳೆಯ ಆರ್ಗನ್ನಿನಲ್ಲಿ ಅದು ಇರಲಿಲ್ಲ. ಷಡ್ಜವೊಂದನ್ನು, ಅಂದರೆ ‘ಸ’ ಸ್ವರವನ್ನು, ಹುಡುಕಿ ಒತ್ತಿ ಹಿಡಿದುಕೊಂಡು ನಿಂತೆ. ಪಲ್ಲವಿ ಮುಗಿದರೆ ಪಿಟೀಲುಗಳ ಉದ್ದನೆಯ ಬಿಟ್, ಅದನ್ನು ನುಡಿಸಬೇಕಾದವನು ನಾನು. ಬೆರಳು ಏಳಲಿಲ್ಲ.

ಆಗ ಕೊಳಲು ಬಂತು. ಅದು ಅವನ ಬಿಟ್ ಅಲ್ಲ. ಪಿಟೀಲಿನ ಸಾಲನ್ನು ಮೊದಲಿನಿಂದ ಕೊನೆಯವರೆಗೆ, ಏರಿಳಿತ ಒಂದೂ ಬಿಡದೆ, ಅವನು ಕೊಳಲಿನಲ್ಲಿ ಊದಿದ. ಹಾಡುಗಾರ್ತಿ ಕಣ್ಣು ಮುಚ್ಚಿಕೊಂಡು ಚರಣಕ್ಕೆ ಬಂದರು, ಹಾಡು ದಡ ಸೇರಿತು.

ಕಾರ್ಯಕ್ರಮ ಮುಗಿದ ಮೇಲೆ ಚಿತ್ರಾನ್ನದ ಎಲೆಯ ಮುಂದೆ ಕೂತಾಗ ಕೇಳಿದೆ, ಪಿಟೀಲಿನ ಬಿಟ್ ನಿನಗೆ ಹೇಗೆ ಬಂತು ಎಂದು. ಮನೆಯ ರೇಡಿಯೋದಲ್ಲಿ ಆ ಹಾಡಿಗಾಗಿ ದಿನವೂ ಕಾಯುತ್ತಿದ್ದನಂತೆ. “ನನ್ನ ಕೊಳಲು ಮತ್ತೆ ಬರುವವರೆಗೆ ಇನ್ನೇನು ಕೇಳಲಿ? ಬರುತ್ತಿರುವುದನ್ನೇ ಕೇಳಿದೆ” ಎಂದ.

ಅಂದಿನಿಂದ ನಾನು ಯಾವ ಹಾಡನ್ನೂ ನನ್ನ ಪಾಲು ಮಾತ್ರ ಕೇಳಿ ಕಲಿತಿಲ್ಲ. ಇನ್ನೊಬ್ಬರ ಬಿಟ್ಟನ್ನು ಬಾಯಲ್ಲಿ ಗುನುಗಲು ಬಂದ ಮೇಲೆಯೇ ನನ್ನದಕ್ಕೆ ಕೈ ಹಾಕುತ್ತೇನೆ.

ಈ ಕಥೆಗೇ ಹೆಚ್ಚು ಹೊತ್ತು ಹಿಡಿಯಿತು. ಬಾನುಲಿಯವರು ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಶ್ರುತಿ ಆರಿಸುವುದು ಹೇಗೆ, ರಿದಂ ಪ್ಯಾಡ್ ಬಂದ ಮೇಲೆ ತಾಳವಾದ್ಯದವರ ಕಥೆ ಏನಾಯಿತು, ಇವನ್ನೆಲ್ಲ ಬರೆದುಕೊಂಡು ಬಂದಿದ್ದೆ. ಬಿಡುತ್ತೇನೆ. ಹೊಸದಾಗಿ ಹಾಡುತ್ತಿರುವ ಯುವಕ ಯುವತಿಯರಿಗೆ ಮಾತ್ರ ಒಂದು ಮಾತು ಹೇಳದೆ ಹೋಗಲಾರೆ. ಮೊಬೈಲಿನಲ್ಲಿ ಟ್ರ್ಯಾಕ್, ಅಂದರೆ ಹಾಡುಗಾರರ ದನಿ ಇಲ್ಲದ ಬರೀ ವಾದ್ಯದ ಧ್ವನಿಮುದ್ರಣ, ಹಾಕಿಕೊಂಡು ಹಾಡುತ್ತೀರಿ, ಕಂಠ ಚೆನ್ನಾಗಿದೆ, ಸಂತೋಷ. ಎರಡನೆಯ ಚರಣಕ್ಕೆ ಮೊದಲು ಯಾವ ವಾದ್ಯ ಬರುತ್ತದೆ ಎಂದು ಕೇಳಿದರೆ ಮುಖ ಮುಖ ನೋಡುತ್ತೀರಿ. ನೂರು ಸಲ ಹಾಡಿದ ಹಾಡು ಅದು! ಬಿಟ್ ನಡೆಯುವಾಗ ನೀರು ಕುಡಿಯುತ್ತೀರಿ, ಜನರಿಗೆ ಕೈ ಬೀಸುತ್ತೀರಿ. ದಯವಿಟ್ಟು ಆ ಹೊತ್ತಿನಲ್ಲಿ ನಿಂತು ಕೇಳಿ. ಮುಂದಿನ ಸಾಲನ್ನು ಎಲ್ಲಿಂದ ಎತ್ತಬೇಕು ಎಂಬುದನ್ನು ಆ ವಾದ್ಯಗಳೇ ನಿಮ್ಮ ಕೈಗೆ ಕೊಡುತ್ತವೆ. ಆಗುವುದಾದರೆ ಟ್ರ್ಯಾಕ್ ಬಿಟ್ಟು ಇಬ್ಬರು ವಾದ್ಯದವರನ್ನು ಕರೆದುಕೊಳ್ಳಿ. ಒಂದು ಢೋಲಕ್, ಒಂದು ಹಾರ್ಮೋನಿಯಂ ಸಾಕು. ನೀವು ಒಂದು ಕ್ಷಣ ತಡವಾದರೆ ಅವರು ಕಾಯುತ್ತಾರೆ, ಟ್ರ್ಯಾಕ್ ಕಾಯುವುದಿಲ್ಲ.

ಈ ಮಾತಿನ ನಂತರ ನಿಮಗಾಗಿ ಚಿತ್ರಗೀತೆಗಳಿವೆ. ಒಲೆಯ ಮುಂದೆ ಇರುವವರು ಒಗ್ಗರಣೆಯನ್ನು ಎರಡು ನಿಮಿಷ ತಡೆಯಿರಿ. ಮೊದಲ ಹಾಡಿನ ಪಲ್ಲವಿ ಮುಗಿದು ಚರಣ ಶುರುವಾಗುವುದರೊಳಗೆ ಎಷ್ಟು ವಾದ್ಯಗಳು ಬಂದು ಹೋದವು ಎಂದು ಬೆರಳು ಮಡಚಿ ಎಣಿಸಿ. ಮನೆಯಲ್ಲಿ ಇನ್ನೊಬ್ಬರಿಗೂ ಎಣಿಸಲು ಹೇಳಿ, ಇಬ್ಬರ ಲೆಕ್ಕವನ್ನೂ ಹೋಲಿಸಿ ನೋಡಿ.

ನಮಸ್ಕಾರ.