ಸದ್ದಿಗೆ ದಾರಿ ತೋರುವ ಆಕಾರ

ಕೇಳುಗರೇ, ನಮಸ್ಕಾರ. ಸದ್ದನ್ನು ಬೇಕಾದ ಕಡೆ ಸಾಗಿಸುವ ವಸ್ತುವನ್ನು ಕಂಪ್ಯೂಟರ್ ಹೇಗೆ ರೂಪಿಸುತ್ತದೆ ಅಂತ ಹೇಳಲು ಬಂದಿದ್ದೇನೆ. ಒಂದೇ ಮಾತು ನೆನಪಿಡಿ. ಸದ್ದಿಗೆ ದಾರಿ ತೋರುವುದು ಆಕಾರ. ಯಾವ ವಸ್ತು ಅನ್ನುವುದಕ್ಕಿಂತ ಅದನ್ನು ಹೇಗೆ ಜೋಡಿಸಿದ್ದೀರಿ ಅನ್ನುವುದೇ ಮುಖ್ಯ.

ನಮ್ಮ ವಿಜಯಪುರದ ಗೋಳಗುಮ್ಮಟವನ್ನೇ ನೋಡಿ. ಬೀಗರು ಬಂದಾಗಲೆಲ್ಲ ನಾನೇ ಕರೆದುಕೊಂಡು ಹೋಗುತ್ತೇನೆ. ಗುಮ್ಮಟದೊಳಗಿನ ದುಂಡನೆಯ ಗ್ಯಾಲರಿಗೆ ಹತ್ತಿದ ಕೂಡಲೇ ಏನು ಮಾಡುತ್ತಾರೆ? ಕೂಗುತ್ತಾರೆ! ಚಪ್ಪಾಳೆ, ಸಿಳ್ಳೆ, ಪ್ರತಿಧ್ವನಿ ಎಣಿಸುವ ಗಲಾಟೆ. ದಯವಿಟ್ಟು ಕೂಗಬೇಡಿ, ಪಿಸುಗುಟ್ಟಿ. ಒಮ್ಮೆ ಜನ ಕಡಿಮೆ ಇದ್ದರು. ಮಾಮಾನನ್ನು ಗೋಡೆಗೆ ಒತ್ತಿ ಕೂರಿಸಿ, ನಾನು ಎದುರು ಬದಿಗೆ ಹೋಗಿ ಗೋಡೆಗೆ ಕಿವಿ ಕೊಟ್ಟೆ. ನಡುವೆ ಸುಮಾರು 38 ಮೀಟರ್ ಅಂತರ. ಮಾಮಾ ಅತ್ತೆಗೆ ಮೆಲ್ಲಗೆ ಅಂದರು, ‘ಇವನ ಪಾಠ ಯಾವಾಗ ಮುಗಿತೈತೋ, ಹೊಟ್ಟಿ ಹಸದೈತಿ.’ ಒಂದಕ್ಷರ ಬಿಡದೆ ಕೇಳಿಸಿತು! ಪಿಸುಮಾತು ಎಲ್ಲ ಕಡೆ ಚದುರದೆ, ಬಾಗಿದ ಗೋಡೆಯನ್ನೇ ಹಿಡಿದು ಸಾಗಿ ಬಂದಿತ್ತು. ಸರ್ ಸಿ.ವಿ. ರಾಮನ್ 1920ರ ದಶಕದಲ್ಲಿ ಈ ಗ್ಯಾಲರಿಯನ್ನು ಅಧ್ಯಯನ ಮಾಡಿದ್ದರು. ಗೋಡೆಯಲ್ಲಿ ಮಂತ್ರವಿಲ್ಲ, ಬರೀ ಇಟ್ಟಿಗೆ, ಕಲ್ಲು, ಗಾರೆ. ಕೆಲಸ ಮಾಡಿದ್ದು ಆಕಾರ.

ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ಉಕ್ಕಿನ ಕೊಳವೆಗಳ ಒಂದು ಶಿಲ್ಪವಿದೆ. ಕೊಳವೆಗಳ ನಡುವಿನ ಅಂತರ 10 ಸೆಂಟಿಮೀಟರ್. ಕಲಾವಿದ ಅದನ್ನು ಮಾಡಿದ್ದು ನೋಡುವುದಕ್ಕೆ. 1995ರಲ್ಲಿ ಅಳೆದು ನೋಡಿದರೆ ಸುಮಾರು 1670 ಹರ್ಟ್ಸ್ ಸದ್ದು, ಅಂದರೆ ಸೆಕೆಂಡಿಗೆ ಅಷ್ಟು ಸಲ ಕಂಪಿಸುವ ಸದ್ದು, ಅದನ್ನು ದಾಟಲು ಒದ್ದಾಡುತ್ತಿತ್ತು. ಆ ಸದ್ದಿನ ಅಲೆಯ ಉದ್ದ ಸುಮಾರು 20 ಸೆಂಟಿಮೀಟರ್, ಅಂದರೆ ಅಂತರದ ಎರಡು ಪಟ್ಟು. ಹಾಗಾಗಿ ಒಂದೊಂದು ಸಾಲಿನಿಂದ ಮರಳಿದ ಅಲೆಗಳು ಒಟ್ಟುಗೂಡಿ ಸದ್ದು ವಾಪಸ್ ಹೋಗುತ್ತದೆ. ನೋಡಿದಿರಾ, ಮತ್ತೆ ಜೋಡಣೆ!

ಇದೆಲ್ಲ ಮೊದಲು ಆಕಾರ, ಆಮೇಲೆ ಸದ್ದು. ಈಗ ನಾವು ಉಲ್ಟಾ ಕೇಳುತ್ತೇವೆ. ಸದ್ದು ಇಲ್ಲಿಗೆ ಬರಬೇಕು, ಆಕಾರ ಹುಡುಕಿ ಕೊಡು ಅಂತ. 10,000 ಮನೆಗಳ ಚೌಕಳಿ ಹಾಕಿ. ಪ್ರತಿ ಮನೆಯೂ ವಸ್ತು ತುಂಬಿದ್ದು ಇಲ್ಲವೇ ಖಾಲಿ. ಎಲ್ಲ ಜೋಡಣೆಗಳನ್ನೂ ಎಣಿಸಿದರೆ ಬರುವ ಸಂಖ್ಯೆಯಲ್ಲಿ 3,000ಕ್ಕೂ ಜಾಸ್ತಿ ಅಂಕಿಗಳಿರುತ್ತವೆ! ಒಂದೊಂದಾಗಿ ನೋಡುತ್ತಾ ಕೂತರೆ ಆಗುತ್ತಾ? ಅದಕ್ಕೇ ಕಂಪ್ಯೂಟರ್ ಅಲೆಯನ್ನು ಸದ್ದು ಹೊರಡುವ ಕಡೆಯಿಂದ ಒಮ್ಮೆ ಮುಂದಕ್ಕೆ, ಅದು ಸೇರಬೇಕಾದ ಜಾಗದಿಂದ ಒಮ್ಮೆ ಹಿಂದಕ್ಕೆ ಲೆಕ್ಕ ಹಾಕುತ್ತದೆ. ಯಾವ ಮನೆ ತುಂಬಿದರೆ ಲಾಭ, ಯಾವುದು ಖಾಲಿ ಬಿಟ್ಟರೆ ಲಾಭ ಅನ್ನುವುದು ಈ ಎರಡೇ ಲೆಕ್ಕದಲ್ಲಿ ತಿಳಿಯುತ್ತದೆ. ಸ್ವಲ್ಪ ಬದಲಿಸುತ್ತದೆ, ಮತ್ತೆ ಲೆಕ್ಕ. ಕೊನೆಗೆ ಯಾರಿಗೂ ಹೊಳೆಯದ ವಕ್ರವಕ್ರ ಆಕಾರ ಸಿಗುತ್ತದೆ.

ಸಮಯ ಆಯ್ತು ಅಂತ ಗಾಜಿನಾಚೆಯಿಂದ ಸನ್ನೆ ಮಾಡುತ್ತಿದ್ದಾರೆ. ಆ ಆಕಾರವನ್ನು 3ಡಿ ಪ್ರಿಂಟರ್‌ನಲ್ಲಿ ತೆಗೆಯಬಹುದು. ಯಾವ ಪ್ಲಾಸ್ಟಿಕ್ ಸರ್ ಅಂತ ಮಾತ್ರ ಕೇಳಬೇಡಿ! ನಮಸ್ಕಾರ.