ಎಲೆ ಚಿತ್ರ ಹಾಕಿದರೆ ಸಾಕಾ? ಪರಿಸರಸ್ನೇಹಿ ಸೂಪರ್‌ಮಾರ್ಕೆಟ್‌ಗೆ ಪ್ರಚಾರ ಡಿಸೈನ್

[ಪರದೆ: ಹಸಿರು ಹಿನ್ನೆಲೆ, ಎಲೆ, ಭೂಗೋಳ]

ನಮಸ್ಕಾರ. ಹೊಸದೊಂದು ಪರಿಸರಸ್ನೇಹಿ ಸೂಪರ್‌ಮಾರ್ಕೆಟ್ ಬರಲಿದೆ, ಪೋಸ್ಟರ್, ಕರಪತ್ರ, ಬ್ಯಾನರ್ ಮಾಡಿಕೊಡಿ ಅಂತ ಕೇಳಿದರೆ ಡಿಸೈನರ್ ಕೈ ಮೊದಲು ಹೋಗುವುದು ಹಸಿರು ಬಣ್ಣಕ್ಕೆ. ಪಕ್ಕದಲ್ಲೊಂದು ಎಲೆ. ಈ ಎಲೆ ಈಗ ನೆಲ ಒರೆಸುವ ಫಿನಾಯಿಲ್ ಬಾಟಲಿ ಮೇಲೂ ಇದೆ, ಅಲ್ವಾ?

ತಮಾಷೆ ನೋಡಿ, ಗಾಢ ಹಸಿರು ಇಂಕಿಗೆ ಜಾಸ್ತಿ ಬಳಸುವ ‘ಪಿಗ್ಮೆಂಟ್ ಗ್ರೀನ್ 7’ ಎಂಬ ಬಣ್ಣದ ಪುಡಿಯಲ್ಲಿ, ಪರಿಸರದ ಮಾತು ಬಂದಾಗ ಪ್ರಶ್ನೆ ಏಳುವ ಕ್ಲೋರಿನ್ ಇದೆ. ಹಸಿರು ಬೇಡವೇ ಬೇಡ ಎನ್ನುತ್ತಿಲ್ಲ. ಪುಟದ ತುಂಬಾ ಬಳಿಯುವುದು ಬೇಡ.

[ಪರದೆ: ‘ಪರಿಸರಸ್ನೇಹಿ’ ಪದದ ಮೇಲೆ ಕಾಟು]

ಮೊದಲು ಬರಹ. ‘ನಾವು ಪರಿಸರಸ್ನೇಹಿ’ ಎಂದರೆ ಗ್ರಾಹಕರಿಗೆ ಏನೂ ಗೊತ್ತಾಗಲ್ಲ. ‘ನಿಮ್ಮ ಡಬ್ಬಿ ತನ್ನಿ, ಬೇಕಾದಷ್ಟೇ ತುಂಬಿಸಿಕೊಳ್ಳಿ’ ಎಂದರೆ ಗೊತ್ತಾಗುತ್ತೆ. ಕಾನೂನಿನ ಒಲವೂ ಈ ಕಡೆಗೇ ಇದೆ. ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 1992ರಲ್ಲೇ ಇದಕ್ಕೆ ಮಾರ್ಗಸೂಚಿ ತಂದಿತು. ಪುರಾವೆ ಇಲ್ಲದ ಇಂಥ ಮೊಗಮ್ ಮಾತನ್ನು ಜಾಹೀರಾತಿನಲ್ಲಿ ನಿಷೇಧಿಸುವ ಯುರೋಪಿಯನ್ ಒಕ್ಕೂಟದ ನಿಯಮ 2026ರ ಸೆಪ್ಟೆಂಬರ್ 27ರಿಂದ ಅನ್ವಯ.

ಇಲ್ಲಿ ಇನ್ನೊಂದು ತೊಡಕಿದೆ. ಅಂಗಡಿ ಇನ್ನೂ ಶುರುವೇ ಆಗಿಲ್ಲ! ಹಾಗಾಗಿ ‘ಸೌರ ವಿದ್ಯುತ್ತಿನಿಂದ ನಡೆಯುತ್ತದೆ’ ಅಂತ ಬರೆಯುವ ಹಾಗಿಲ್ಲ. ‘ಚಾವಣಿ ಮೇಲೆ ಸೋಲಾರ್ ಹಾಕಿಸುವ ಯೋಜನೆ ಇದೆ’ ಎನ್ನಿ. ಕಟ್ಟಡದ ಚಿತ್ರ ಹಾಕಿದರೆ ‘ಕಲ್ಪನಾ ಚಿತ್ರ’ ಎಂದು ಓದುವಷ್ಟು ದಪ್ಪಗೆ ಬರೆಯಿರಿ. ನೀವು ಬಿಡಿಸಿದ ಮರಗಳನ್ನು ನಾಳೆ ಜನ ಹುಡುಕಿಕೊಂಡು ಬರುತ್ತಾರೆ.

[ಪರದೆ: ಮೂರು ಬಾಣಗಳ ಗುರುತು]

1970ರಲ್ಲಿ ಗ್ಯಾರಿ ಆಂಡರ್ಸನ್ ಎಂಬ ವಿದ್ಯಾರ್ಥಿ ಬಿಡಿಸಿದ ಮರುಬಳಕೆಯ ಗುರುತು ಇದು. ಅಂದಕ್ಕೆ ಅಂತ ಸುಮ್ನೆ ಅಂಟಿಸಬೇಡಿ. ಶೇಕಡಾ ಸಂಖ್ಯೆ ಸೇರಿಸಿದರೆ, ಅಷ್ಟು ಭಾಗ ಮರುಬಳಕೆಯ ವಸ್ತು ಎಂದು ಹೇಳಿದಂತೆ. ಆ ಲೆಕ್ಕ ಪೇಪರ್ ಕೊಟ್ಟವರಿಂದ ಪಡೆದಿರಬೇಕು.

[ಪರದೆ: ಫ್ಲೆಕ್ಸ್ ಬ್ಯಾನರ್, ಬಟ್ಟೆ ಬ್ಯಾನರ್]

ಇನ್ನು ಸಾಮಗ್ರಿ. ಫ್ಲೆಕ್ಸ್ ಎಂದರೆ ಪಾಲಿಯೆಸ್ಟರ್ ಬಲೆಗೆ ಪಿವಿಸಿ ಲೇಪನ. ಎರಡನ್ನೂ ಬೇರ್ಪಡಿಸುವುದು ಕಷ್ಟ, ಮರುಬಳಕೆ ಇನ್ನೂ ಕಷ್ಟ. ಪ್ಲಾಸ್ಟಿಕ್ ಬಿಡಿ ಅಂತ ಪ್ಲಾಸ್ಟಿಕ್ ಮೇಲೆ ಬರೆದರೆ ಜನ ನಗುತ್ತಾರೆ. ಹತ್ತಿ ಬಟ್ಟೆಯ ಬ್ಯಾನರ್ ಮಾಡಿಸಿ. ಅದರ ಮೇಲೆ ದಿನಾಂಕ ಹಾಕಬೇಡಿ, ಮುಂದಿನ ಸಲಕ್ಕೂ ಬರುತ್ತೆ.

ಕರಪತ್ರಕ್ಕೆ ಲ್ಯಾಮಿನೇಶನ್ ಬೇಡ. ಲೇಪನವಿಲ್ಲದ ಮರುಬಳಕೆಯ ಕಾಗದ ಚೆನ್ನ, ಆದರೆ ಅದು ಇಂಕು ಹೀರುತ್ತದೆ. ಫೋಟೋ ಮಂಕಾಗುತ್ತೆ, ಸಣ್ಣ ಅಕ್ಷರದ ಒತ್ತುಗಳು ಮೆತ್ತಿಕೊಳ್ಳುತ್ತವೆ. ಅದಕ್ಕೇ ಗೆರೆ ಚಿತ್ರ, ದಪ್ಪ ಅಕ್ಷರ, ಕಡಿಮೆ ಮಾತು. ಎ6 ಅಳತೆ ಸಾಕು, ಒಂದು ಎ4 ಹಾಳೆಯಲ್ಲಿ ನಾಲ್ಕು ಬರುತ್ತವೆ. ಬದಲಾಗುತ್ತಿರುವ ಆಫರ್‌ಗಳಿಗೆ ಕ್ಯೂಆರ್ ಕೋಡ್ ಇದ್ದೇ ಇದೆ.

ಪ್ರಿಂಟಿಗೆ ಕಳಿಸುವ ಮುನ್ನ ಕರಡನ್ನು ಅಂಗಡಿಯ ಖರೀದಿ ನೋಡಿಕೊಳ್ಳುವವರ ಮುಂದಿಡಿ. ಪ್ರತಿ ಸಾಲಿಗೂ ‘ಇದಕ್ಕೆ ದಾಖಲೆ ಏನಿದೆ?’ ಅಂತ ಕೇಳಿ. ಉತ್ತರ ಸಿಗದ ಸಾಲು ಹೊಡೆದುಹಾಕಿ. ಕೊನೆಗೆ ಎರಡೇ ಸಾಲು ಉಳಿದರೆ, ಅವನ್ನೇ ದೊಡ್ಡದಾಗಿ ಹಾಕಿ.